ಒಂದು ಸಾಲೂ ಇಲ್ಲ

ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಫೋನನ್ನು ಬ್ರೆಡ್ಡಿನ ಬುಟ್ಟಿಗೆ ಹಾಕಬೇಕು ಎಂಬ ಕಾನೂನನ್ನು ಮನೆಗೆ ತಂದವಳು ಸೊಸೆ. ಕಾನೂನು ತಂದವರ ಮೇಲೆಯೇ ಮೊದಲು ಅನುಮಾನ ಬರುವುದು ಲೋಕರೂಢಿ. ಅತ್ತೆಗಂತೂ ಅನುಮಾನ ಪಡುವುದೇ ಹೊಟ್ಟೆಪಾಡಾಗಿತ್ತು. ನಿವೃತ್ತಿಯಾಗುವವರೆಗೂ ಅವರು ಬಟ್ಟೆ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿದ್ದವರು. ಹೊಲಿದು ಬಂದ ಅಂಗಿಯನ್ನು ತಿರುವಿ ಹಾಕಿ, ಒಳಗಿನ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡುವುದು ಅವರ ಕೆಲಸ. ಹೊರಗಿನ ಅಂದ ನೋಡಿ ಅಂಗಿಯನ್ನು ಪಾಸು ಮಾಡುವವರಿಗೆ ಅಲ್ಲಿ ಜಾಗವಿರಲಿಲ್ಲ. ಆ ಅಭ್ಯಾಸ ಮನೆಗೂ ಬಂದಿತ್ತು. ತರಕಾರಿಯವನು ಕೊಟ್ಟ ಬದನೆಕಾಯಿಯಿಂದ ಹಿಡಿದು ಸೊಸೆಯ ನಗುವಿನವರೆಗೆ ಎಲ್ಲವನ್ನೂ ಒಮ್ಮೆ ತಿರುವಿ ನೋಡಿದ ಮೇಲೆಯೇ ಅವರು ಒಪ್ಪಿಕೊಳ್ಳುತ್ತಿದ್ದರು.

ಸೊಸೆ ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಗಾಜನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ. ಒಂದು ದಿನ ಅವಳು ಒಬ್ಬ ಮಾಸ್ತರರ ಕನ್ನಡಕದಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಕೂರಿಸಿ ಕಳಿಸಿಬಿಟ್ಟಳು. ಮಾಸ್ತರರು ಅಂಗಡಿಯ ಮೆಟ್ಟಿಲಲ್ಲೇ ಮುಗ್ಗರಿಸಿ, ಮೊಣಕಾಲು ತರಚಿಕೊಂಡು ವಾಪಸು ಬಂದರು. ಅಂಗಡಿಯ ಯಜಮಾನಿ ಗಿರಾಕಿಯ ಎದುರಿಗೆ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಸೊಸೆಯನ್ನು ತರಾಟೆಗೆ ತೆಗೆದುಕೊಂಡಳು.

“ರಾತ್ರಿ ಫೋನು ಉಜ್ಜೋದು, ಹಗಲು ಇಲ್ಲಿ ಬಂದು ಗಾಜು ಉಜ್ಜೋದು. ಕಣ್ಣು ಏನು ಕಬ್ಬಿಣದ್ದಾ? ಕಂಡವರ ಮನೆ ಮದುವೆ, ಕಂಡವರ ಮನೆ ಜಗಳ, ಎಲ್ಲಾ ನೋಡ್ತೀಯ. ಈ ವಾರ ನೀನೇ ಕಣ್ಣಾರೆ ಕಂಡಿದ್ದು ಒಂದು ಹೇಳು, ನೋಡೋಣ.”

ಸೊಸೆ ಯೋಚಿಸಿದಳು. ಒಂದೂ ಹೊಳೆಯಲಿಲ್ಲ. ನಾಚಿಕೆಯಾಯಿತು. ಸಂಜೆ ಬರುವಾಗ ನೀಲಿ ರಟ್ಟಿನ ಒಂದು ಪುಸ್ತಕ ಕೊಂಡಳು, ಮನೆಗೆ ಬಂದವಳೇ ಬ್ರೆಡ್ಡಿನ ಬೆತ್ತದ ಬುಟ್ಟಿಯನ್ನು ಖಾಲಿ ಮಾಡಿ ಊಟದ ಮೇಜಿನ ನಡುವೆ ಇಟ್ಟಳು.

“ಇವತ್ತಿಂದ ಊಟ ಶುರುವಾಗೋ ಮುಂಚೆ ಎಲ್ಲರ ಫೋನೂ ಇದರೊಳಗೆ. ಮೇಲೆ ಬಟ್ಟೆ ಮುಚ್ಚೋದು. ಪಾತ್ರೆ ತೊಳೆದಾದ ಮೇಲೆ ತಗೊಳ್ಳಿ.”

“ನನಗೆ ತುರ್ತು ಕರೆ ಬರುತ್ತೆ ಕಣೇ,” ಎಂದ ಗಂಡ. ಅವನು ಲಿಫ್ಟ್ ರಿಪೇರಿಯವನು. “ಯಾರಾದ್ರೂ ಒಳಗೆ ಸಿಕ್ಕಿಹಾಕಿಕೊಂಡ್ರೆ?”

“ಕರೆ ಬಂದ್ರೆ ಬುಟ್ಟಿಯಲ್ಲೇ ಹೊಡ್ಕೊಳ್ಳುತ್ತೆ, ಎದ್ದು ತಗೊಳ್ಳಿ. ನೀವು ಊಟ ಮಾಡ್ತಾ ನೋಡೋದು ತುರ್ತು ಕರೆ ಅಲ್ಲ, ಬೇರೆ ಊರಿನ ಲಿಫ್ಟು ಬಿದ್ದಿರೋ ವಿಡಿಯೋ.”

“ಅಮ್ಮ ಗೆದ್ದಳು!” ಎಂದು ಮಗಳು ಚಪ್ಪಾಳೆ ತಟ್ಟಿದಳು. ಒಂಬತ್ತನೇ ತರಗತಿಯ ಈ ಹುಡುಗಿಯ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ಚಿನಕುರುಳಿ.

“ನೀನೂ ಹಾಕಬೇಕು,” ಎಂದಳು ತಾಯಿ. ಚಪ್ಪಾಳೆ ನಿಂತಿತು.

ಅತ್ತೆ ಬುಟ್ಟಿಯನ್ನೊಮ್ಮೆ ಎತ್ತಿ, ಬೋರಲು ಹಾಕಿ, ತಳ ನೋಡಿ ಇಟ್ಟರು. ಫೋನಿನ ವಿಷಯದಲ್ಲಿ ಅವರದೂ ದೊಡ್ಡ ಚಟವೇ. ಅವರಿಗೆ ಅಕ್ಷರ ಒತ್ತಲು ಬರುತ್ತಿರಲಿಲ್ಲ. ಪಟ್ಟಣದ ಆಚೆ ತುದಿಯಲ್ಲಿದ್ದ ತಂಗಿಗೆ ದಿನಾ ಸಂಜೆ ಬಾಯಲ್ಲೇ ಹೇಳಿ ಧ್ವನಿ ಸಂದೇಶ ಕಳಿಸುತ್ತಿದ್ದರು. ಗುಂಡಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದರೆ ಹೆಬ್ಬೆರಳಿನ ಗೆಣ್ಣು ನೋಯುತ್ತದೆ ಎಂದಾಗ ಚಿನಕುರುಳಿ ಒಂದು ಉಪಾಯ ಕಲಿಸಿದ್ದಳು. “ಒತ್ತಿ ಮೇಲಕ್ಕೆ ಜಾರಿಸು ಅಜ್ಜಿ, ಬೀಗ ಬೀಳುತ್ತೆ. ಕೈ ಬಿಟ್ಟು ಆರಾಮಾಗಿ ಮಾತಾಡು. ಮುಗಿದ ಮೇಲೆ ಈ ಬಾಣ ಒತ್ತು, ಹೋಗುತ್ತೆ.” ಅತ್ತೆ ಅಂದಿನಿಂದ ಹಾಗೆಯೇ ಮಾಡುತ್ತಿದ್ದರು.

ತಂಗಿಗೆ ಅವರು ಹೇಳುತ್ತಿದ್ದದ್ದೆಲ್ಲ ಬಡಾಯಿ. ಅನ್ನ ತಳಹತ್ತಿದ ದಿನ “ಇವತ್ತು ಅನ್ನ ಎಷ್ಟು ಘಮಘಮ ಅಂತಿತ್ತು ಗೊತ್ತಾ” ಎನ್ನುವ ಹೆಂಗಸು ಅದು. ಮನೆಯ ಹುಳುಕನ್ನು ತಂಗಿಯ ಮುಂದೆ ಬಿಚ್ಚುವುದೆಂದರೆ ಅವರಿಗೆ ಸಾವಿಗೆ ಸಮ. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ಮೊದಲ ವಾರ ಊಟದ ಮೇಜು ಬಿಕೋ ಎನ್ನುತ್ತಿತ್ತು. ಯಾರಿಗೂ ಕೈ ಎಲ್ಲಿಡಬೇಕೆಂದು ತಿಳಿಯದು. ಗಂಡ ಉಪ್ಪಿನ ಡಬ್ಬಿಯ ಮೇಲಿನ ಚೀಟಿ ಓದಿದ. ಆಮೇಲೆ ನಿಧಾನವಾಗಿ ಮಾತು ಹುಟ್ಟಿತು, ಮಾತಿನ ಹಿಂದೆಯೇ ಜಗಳವೂ ಹುಟ್ಟಿತು. ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದ ದಿನ “ನೀವು ಹಾಕಿದ್ದು”, “ನೀನು ಹಾಕಿದ್ದು” ಎಂದು ಅತ್ತೆ ಸೊಸೆ ಊಟ ಮುಗಿಯುವವರೆಗೂ ವಾದ ಮಾಡಿದರು. ಗಂಡ ಇಬ್ಬರನ್ನೂ ಬಿಟ್ಟು ಮೊಸರು ಸುರಿದುಕೊಂಡ.

ಸೊಸೆ ಊಟವಾದ ಮೇಲೂ ತನ್ನ ಫೋನನ್ನು ಬುಟ್ಟಿಯಿಂದ ತೆಗೆಯುತ್ತಿರಲಿಲ್ಲ. ಮೇಜು ಒರೆಸಿ, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ನೀಲಿ ಪುಸ್ತಕ ಬಿಚ್ಚುತ್ತಿದ್ದಳು. ಅರ್ಧ ಪುಟ ಬರೆಯುವಳು, ಒಮ್ಮೆ ತನ್ನಷ್ಟಕ್ಕೆ ನಗುವಳು, ಮುಚ್ಚಿ ಕೈಚೀಲಕ್ಕೆ ಹಾಕುವಳು. ಬೆಳಿಗ್ಗೆ ಆ ಚೀಲ ಅವಳ ಜೊತೆಗೇ ಅಂಗಡಿಗೆ ಹೋಗುವುದು.

ಆ ನಗುವೇ ಅತ್ತೆಗೆ ಚುಚ್ಚಿದ್ದು. ಎರಡು ದಿನ ತಡೆದುಕೊಂಡರು.

“ಏನಮ್ಮಾ ಅದು, ಲೆಕ್ಕಾನಾ?”

“ಅಲ್ಲ ಅತ್ತೆ. ಸುಮ್ಮನೆ.”

“ಸುಮ್ಮನೆ ಯಾರಾದ್ರೂ ಬರೀತಾರಾ? ಸುಮ್ಮನೆ ನಗ್ತಾರಾ?”

“ನನಗೆ ಅಂತ ಬರ್ಕೊಳ್ಳೋದು ಅತ್ತೆ. ಬೇರೆಯವರಿಗೆ ಅದರಲ್ಲಿ ಏನಿಲ್ಲ.”

ಏನೂ ಇಲ್ಲದ್ದನ್ನು ಯಾರೂ ಚೀಲದಲ್ಲಿಟ್ಟುಕೊಂಡು ತಿರುಗುವುದಿಲ್ಲ ಎಂದು ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಕೇಳಿಸುವಂತೆ ಅಂದುಕೊಂಡರು. ಉಪ್ಪಿನ ವಿಷಯ ಬರೆದಿರಬೇಕು. ಇಲ್ಲವೇ ಮೊನ್ನೆ ಒದ್ದೆ ಟವೆಲಿನ ಬಗ್ಗೆ ತಾನು ಅವಳಿಗೆ ಆಡಿದ ಚುಚ್ಚುಮಾತು.

ಅದಾದ ಮಾರನೆಯ ದಿನವೇ ತಂಗಿಯ ಕರೆ ಬಂತು. ಅದೂ ಇದೂ ಮಾತಾಡಿ ಕೊನೆಗೆ ಅವಳು ಕೇಳಿದಳು: “ಉಪ್ಪು ಯಾರು ಹಾಕಿದ್ದು ಅಂತ ಕೊನೆಗೂ ತೀರ್ಮಾನ ಆಯ್ತಾ ಅಕ್ಕಾ?”

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಯಾವ ಉಪ್ಪು?”

“ಅಯ್ಯೋ ಬಿಡು, ಸುಮ್ಮನೆ ಕೇಳ್ದೆ,” ಎಂದು ತಂಗಿ ನಕ್ಕು ಫೋನಿಟ್ಟಳು.

ಮುಂದಿನ ವಾರ ಚಿನಕುರುಳಿ ಗಣಿತದಲ್ಲಿ ಫೇಲಾದಳು. ಅದನ್ನು ಅವಳು ಹೇಳಿದ್ದು ಊಟದ ಮೇಜಿನಲ್ಲಿ, ಅಪ್ಪ ಎರಡನೇ ಸಲ ಅನ್ನ ಬಡಿಸಿಕೊಂಡು ತೃಪ್ತನಾಗಿರುವ ಹೊತ್ತು ನೋಡಿ. “ಹೊರಗೆ ಯಾರಿಗೂ ಹೇಳಬೇಡಿ, ಮುಂದಿನ ಪರೀಕ್ಷೆಗೆ ಸರಿ ಮಾಡ್ತೀನಿ,” ಎಂದು ಎಲ್ಲರಿಂದ ಮಾತು ತೆಗೆದುಕೊಂಡಳು. ಮೂರು ದಿನ ಕಳೆಯಲಿಲ್ಲ, ತಂಗಿಯಿಂದ ಹಳೆಯ ಗಣಿತದ ಗೈಡುಗಳ ಒಂದು ಕಟ್ಟು ಬಂತು. ಅವಳ ಮೊಮ್ಮಗನದಂತೆ. “ಮಗು ಬೇಜಾರು ಮಾಡ್ಕೊಬಾರದು, ನಮ್ಮವನೂ ಒಂದು ಸಲ ಹೋಗಿದ್ದ,” ಎಂದು ಹೇಳಿ ಕಳಿಸಿದ್ದಳು.

ಚಿನಕುರುಳಿ ಅತ್ತು ರಂಪ ಮಾಡಿದಳು. “ಅಜ್ಜಿ, ನೀನೇ ಹೇಳಿದ್ದು!”

“ನನ್ನ ನಾಲಿಗೆ ಬಿದ್ದುಹೋಗ್ಲಿ ಕಣೇ. ಅವಳ ಮುಂದೆ ನಮ್ಮ ಮಗು ಫೇಲು ಅಂತ ನಾನು ಹೇಳ್ತೀನಾ? ನೀನು ಎಂಬತ್ತು ತಗೊಂಡಿದ್ದೀಯ ಅಂತ ಹೇಳಿದ್ದೀನಿ!”

ಇದನ್ನು ಎಲ್ಲರೂ ನಂಬಿದರು. ನಂಬಲೇಬೇಕಾದ ಮಾತು. ಹಾಗಾದರೆ ಯಾರು? ಅತ್ತೆ ಅಂಗಿಯನ್ನು ಮತ್ತೆ ತಿರುವಿ ಹಾಕಿದರು. ಮನೆಯ ಮಾತನ್ನು ಪುಸ್ತಕಕ್ಕೆ ಇಳಿಸುವವಳು ಸೊಸೆ. ಪುಸ್ತಕ ಹೋಗುವುದು ಕನ್ನಡಕದ ಅಂಗಡಿಗೆ. ಹೋದ ತಿಂಗಳು ತಂಗಿಯ ಮಗಳು ಕನ್ನಡಕ ಬದಲಾಯಿಸಿದ್ದು ಅದೇ ಅಂಗಡಿಯಲ್ಲಿ, ಈಗಲೂ ಮೂಗಿಗೆ ಒತ್ತುತ್ತದೆಂದು ವಾರಕ್ಕೊಮ್ಮೆ ಅಲ್ಲಿಗೆ ಬಂದು ಕೂರುತ್ತಾಳಂತೆ. ಹೊಲಿಗೆ ಬಿಟ್ಟಿರುವ ಜಾಗ ಸಿಕ್ಕಿತು ಎಂದು ಅತ್ತೆಗೆ ಖಾತ್ರಿಯಾಯಿತು.

ಮಗನಿಗೆ ಹೇಳಿದರು. ಅವನು ಮೊದಲು ನಕ್ಕ. “ಏನಮ್ಮಾ ನೀನು, ಪತ್ತೇದಾರಿ ಶುರು ಮಾಡ್ದೆ. ಅವಳು ಏನೋ ಬರ್ಕೊಂಡ್ರೆ ಬರ್ಕೊಳ್ಳಲಿ ಬಿಡು.”

“ನಗು ಮಗನೇ, ನಗು. ನಿನ್ನ ಬುಡಕ್ಕೆ ಬಂದಾಗ ನೋಡ್ತೀನಿ.”

ಅವನ ಬುಡಕ್ಕೂ ಬಂತು. ಹದಿನೈದು ದಿನದ ಹಿಂದೆ ಅವನು ಊಟದ ಮೇಜಿನಲ್ಲಿ ಒಂದು ಸಂತೋಷದ ಸುದ್ದಿ ಹೇಳಿದ್ದ. ಜೊತೆಯ ಮೆಕ್ಯಾನಿಕ್ ಒಬ್ಬನೊಂದಿಗೆ ಸೇರಿ ಸ್ವಂತ ರಿಪೇರಿ ಅಂಗಡಿ ತೆಗೆಯುವುದು. ಹಳೆಯ ಕಟ್ಟಡಗಳ ಲಿಫ್ಟು ನೋಡಿಕೊಳ್ಳಲು ಯಾರೂ ಇಲ್ಲ, ಕೆಲಸ ಬೇಕಾದಷ್ಟಿದೆ. ವರ್ಷದ ಕೊನೆಯ ಬೋನಸ್ ಕೈಗೆ ಬರುವವರೆಗೆ ಕಂಪನಿಗೆ ಸುಳಿವು ಸಿಗಬಾರದು. ಹೇಳುವಾಗ ಅವನ ಮುಖ ನೋಡಬೇಕಿತ್ತು. ಅತ್ತೆಯೂ ಆ ದಿನ ಒಂದು ಚಮಚ ಸಕ್ಕರೆ ತಂದು ಎಲ್ಲರ ಬಾಯಿಗೆ ಹಾಕಿದ್ದರು.

ಈಗ ಕಂಪನಿಯ ಮೇಲ್ವಿಚಾರಕ ಅವನನ್ನು ಕರೆದು, ಚಹಾ ತರಿಸಿ, ಬಹಳ ಪ್ರೀತಿಯಿಂದ ಕೇಳಿದ: “ಸ್ವಂತ ಅಂಗಡಿ ಅಂತೆ? ನಮಗೂ ಒಂದು ಮಾತು ಹೇಳೋದಲ್ವಾ?” ಮಾರನೆಯ ದಿನದಿಂದ ಹೊಸ ಕಟ್ಟಡಗಳ ಕೆಲಸ ಕೈತಪ್ಪಿತು. ಊರಾಚೆಯ ಗೋದಾಮಿನ ಸಾಮಾನು ಲಿಫ್ಟಿಗೆ ಗ್ರೀಸು ಹಚ್ಚುವ ಕೆಲಸ ಸಿಕ್ಕಿತು. ಜೊತೆಗಾರ “ನಿನ್ನ ಬಾಯಿಗೆ ಬೀಗ ಇಲ್ಲ, ನಿನ್ನ ಸಹವಾಸ ಬೇಡ” ಎಂದು ಕೈತೊಳೆದುಕೊಂಡ.

ಆ ಸಂಜೆ ಅವನು ಊಟಕ್ಕೆ ಕೂತು ತಟ್ಟೆ ಮುಟ್ಟಲಿಲ್ಲ.

“ನಾನು ಆ ವಿಷಯ ಆಡಿದ್ದು ಎರಡೇ ಕಡೆ. ಒಂದು ನನ್ನ ಜೊತೆಗಾರನ ಹತ್ತಿರ, ಇನ್ನೊಂದು ಈ ಮೇಜಿನ ಹತ್ತಿರ. ಅವನು ತನ್ನ ಕಾಲಿಗೆ ತಾನೇ ಕಲ್ಲು ಹಾಕ್ಕೊಳ್ಳಲ್ಲ.”

“ಅಂದ್ರೆ?” ಎಂದಳು ಹೆಂಡತಿ.

“ನೀನು ಅದನ್ನ ಬರ್ದಿದ್ದೀಯಾ?”

“ಇಲ್ಲ.”

“ಹಾಗಾದ್ರೆ ಬುಕ್ಕು ತೋರ್ಸು. ಇಲ್ಲ ಅಂತ ಗೊತ್ತಾದ್ರೆ ನಾನೇ ನಿನ್ನ ಹತ್ತಿರ ಕ್ಷಮೆ ಕೇಳ್ತೀನಿ.”

“ಇಲ್ಲ ಅಂತ ಹೇಳಿದೆನಲ್ಲ. ತೋರಿಸಲ್ಲ.”

“ತೋರಿಸೋಕೆ ಏನು ಕಷ್ಟ?” ಎಂದರು ಅತ್ತೆ. “ಮಡಿಲಲ್ಲಿ ಕಳ್ಳಮಾಲು ಇಲ್ಲದೋರು ಮಡಿಲು ಕೊಡವೋಕೆ ಹೆದರ್ತಾರಾ?”

“ಅತ್ತೆ, ಈ ಮನೇಲಿ ನನ್ನ ಬೀರುವಿಗೆ ನೀವು ಕೈ ಹಾಕ್ತೀರಿ, ನನ್ನ ಪರ್ಸಿಗೆ ಇವರು ಕೈ ಹಾಕ್ತಾರೆ, ನನ್ನ ಫೋನಿನ ಲಾಕ್ ನಂಬರು ಇವಳಿಗೂ ಗೊತ್ತು. ನಾನು ಒಂದು ಮಾತೂ ಆಡಿಲ್ಲ. ಈ ಪುಸ್ತಕ ಒಂದು ನನ್ನದು. ಇದನ್ನ ಕೇಳಬೇಡಿ.”

“ಸರಿ,” ಎಂದು ಗಂಡ ಎದ್ದ. “ನೀನು ಅದನ್ನ ತೋರಿಸೋವರೆಗೆ ಈ ಮೇಜಿನ ಹತ್ತಿರ ನಾನು ಬಾಯಿ ಬಿಡಲ್ಲ. ಬಿಟ್ಟಿದ್ದಕ್ಕೆ ಗೋದಾಮು ಸಿಕ್ಕಿದೆ, ಸಾಕು.”

ಹೇಳಿದ ಹಾಗೆಯೇ ಮಾಡಿದ. ಬುಟ್ಟಿಗೆ ಫೋನು ಹಾಕುವನು, ಉಣ್ಣುವನು, ಕೈ ತೊಳೆದು ಬಾಲ್ಕನಿಗೆ ಹೋಗುವನು. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಿನಕುರುಳಿಯೂ ಮಂಕಾದಳು. ಸೊಸೆ ಮಾತ್ರ ಮೇಜು ಒರೆಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕಿಟಕಿಯ ಬಳಿ ಕೂತು ತನ್ನ ಅರ್ಧ ಪುಟ ಬರೆಯುತ್ತಿದ್ದಳು. ಈಗ ನಗುತ್ತಿರಲಿಲ್ಲ.

ಆ ವಾರ ತಂಗಿ ಕರೆ ಮಾಡಿ, “ಏನಕ್ಕಾ, ನಿಮ್ಮ ಮನೇಲಿ ಎಲ್ಲರೂ ಮೌನವ್ರತನಾ?” ಎಂದು ಕೇಳಿದಳು. ಅತ್ತೆಗೆ ಮೈಯೆಲ್ಲ ಉರಿಯಿತು. ನೋಡು, ಇದನ್ನೂ ಬರೆದಿದ್ದಾಳೆ.

ಒಂದು ಬೆಳಿಗ್ಗೆ ಸೊಸೆಯ ಕೈಚೀಲದ ಜಿಪ್ಪು ಕಿತ್ತುಬಂತು. ಬಸ್ಸಿಗೆ ಹೊತ್ತಾಗಿತ್ತು. ಪರ್ಸು, ಬೀಗದ ಕೈ, ಊಟದ ಡಬ್ಬಿಯನ್ನು ಬೇರೊಂದು ಚೀಲಕ್ಕೆ ಸುರಿದುಕೊಂಡು ಓಡಿದಳು. ನೀಲಿ ಪುಸ್ತಕ ಹಳೆಯ ಚೀಲದ ತಳದಲ್ಲೇ ಉಳಿಯಿತು.

ಅತ್ತೆ ಬಾಗಿಲು ಹಾಕಿದರು. ಒಬ್ಬರೇ ಇದ್ದರೂ ಬಾಗಿಲು ಹಾಕಿದರು. ಓದುವ ಕನ್ನಡಕ ಹಾಕಿಕೊಂಡರು. ಅದೂ ಸೊಸೆಯೇ ಗಾಜು ಕೂರಿಸಿ ತಂದುಕೊಟ್ಟದ್ದು. ಮೊದಲ ಪುಟದಿಂದ ಶುರುಮಾಡಿ, ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತ, ಒಂದು ಹೊಲಿಗೆಯನ್ನೂ ಬಿಡದೆ ಓದಿದರು.

“ಇವತ್ತು ಬಸ್ಸಿನಲ್ಲಿ ಎದುರಿಗೆ ಕೂತ ಹುಡುಗಿಯ ಎರಡು ಚಪ್ಪಲಿಯೂ ಎಡಗಾಲಿನವು. ಬಣ್ಣ ಒಂದೇ, ಆದ್ದರಿಂದ ಯಾರೂ ನೋಡುವುದಿಲ್ಲ ಎಂದು ಅವಳು ಧೈರ್ಯವಾಗಿದ್ದಳು. ಇಳಿಯುವಾಗ ಮಾತ್ರ ಬಲಗಾಲನ್ನು ಒಂದು ಚೂರು ಹೊರಗೆ ಹಾಕಿ ನಡೆದಳು.”

“ಚೌಕಟ್ಟು ಆರಿಸಲು ಬಂದವರು ಹಳೆಯ ಕನ್ನಡಕ ತೆಗೆದು ಹೊಸದನ್ನು ಹಾಕಿಕೊಂಡು ಕನ್ನಡಿ ನೋಡುತ್ತಾರೆ. ಹೊಸದಕ್ಕೆ ಇನ್ನೂ ಗಾಜಿಲ್ಲ, ತಮ್ಮ ಮುಖ ತಮಗೇ ಕಾಣುವುದಿಲ್ಲ. ‘ಹೇಗೆ ಕಾಣುತ್ತೇನೆ?’ ಎಂದು ನನ್ನನ್ನು ಕೇಳುತ್ತಾರೆ. ಅವರ ಮುಖವನ್ನು ಅವರ ಪರವಾಗಿ ನಾನು ನೋಡಿ ಹೇಳಬೇಕು. ಇಷ್ಟು ವರ್ಷ ನೋಡದೆಯೇ ಚೆನ್ನಾಗಿದೆ ಎನ್ನುತ್ತಿದ್ದೆ. ಇವತ್ತು ಒಬ್ಬರನ್ನು ನೋಡಿ ಹೇಳಿದೆ.”

ಮೆಟ್ಟಿಲು ಗುಡಿಸುವವಳು ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಇಟ್ಟಿದ್ದಾಳೆ ಎಂದು ಒಂದು ಕಡೆ. ಇಡೀ ದಿನ ಮೋಡ ನೋಡಿದೆ, ಫೋನಿನಲ್ಲಿ ಮಳೆ ಇಲ್ಲ ಅಂದಿತ್ತು, ನೆನೆದೆ ಎಂದು ಇನ್ನೊಂದು ಕಡೆ. ಪುಟ ತಿರುಗಿದಂತೆಲ್ಲ ಇಂಥದ್ದೇ. ಉಪ್ಪಿಲ್ಲ, ಗಣಿತವಿಲ್ಲ, ಅಂಗಡಿಯಿಲ್ಲ. ಟವೆಲಿಲ್ಲ.

ಅತ್ತೆ ಕೊನೆಯ ಪುಟದವರೆಗೂ ಹೋಗಿ, ಮತ್ತೆ ಮೊದಲಿನಿಂದ ಹುಡುಕಿದರು. ಈ ಸಲ ಅವರು ಹುಡುಕಿದ್ದು ತಮ್ಮನ್ನೇ. ಅತ್ತೆ ಎಂಬ ಪದ ಎಲ್ಲೂ ಇರಲಿಲ್ಲ. ಮೆಟ್ಟಿಲು ಗುಡಿಸುವವಳಿಗೆ ಒಂದು ಪುಟ ಕೊಟ್ಟಿದ್ದಾಳೆ! ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಪುಸ್ತಕವನ್ನು ಇದ್ದ ಹಾಗೆಯೇ ಚೀಲದ ತಳಕ್ಕಿಟ್ಟರು. ಮಧ್ಯಾಹ್ನದ ಊಟ ಸೇರಲಿಲ್ಲ.

ಸಂಜೆ ಸೊಸೆ ಬಂದವಳೇ ಚೀಲ ನೋಡಿದಳು, ಪುಸ್ತಕ ನೋಡಿದಳು, ಅತ್ತೆಯ ಮುಖ ನೋಡಿದಳು.  ಆಲೂಗಡ್ಡೆ ಬೇಯಿಸಿದಳು. ಎಲ್ಲರೂ ಫೋನು ಹಾಕಿ ಕೂತರು. ಅತ್ತೆ ತಂಗಿಗೆ ಏನೋ ಹೇಳುತ್ತಿದ್ದವರು ಸೊಸೆ “ಬುಟ್ಟಿ” ಎಂದದ್ದೇ ತಡ, ಅಲ್ಲಿಗೇ ನಿಲ್ಲಿಸಿ ತಾವೂ ಹಾಕಿದರು. ಬಟ್ಟೆ ಮುಚ್ಚಲಾಯಿತು. ಗಂಡ ಎಂದಿನಂತೆ ಬಾಯಿ ಹೊಲಿದುಕೊಂಡು ಉಣ್ಣುತ್ತಿದ್ದ. ಆ ಮೌನದಲ್ಲಿ ಅತ್ತೆಗೆ ತಡೆಯಲಾಗಲಿಲ್ಲ.

“ಅಲ್ಲಮ್ಮಾ, ಒಂದು ಮಾತು ಕೇಳ್ತೀನಿ. ಎರಡು ಎಡಗಾಲಿನ ಚಪ್ಪಲಿಗೆ ಅರ್ಧ ಪುಟ. ಕಸ ಗುಡಿಸೋಳಿಗೆ ಒಂದು ಪುಟ. ಹದಿನಾರು ವರ್ಷದಿಂದ ನಿನ್ನ ಜೊತೆ ಒಂದೇ ಒಲೆ ಮುಂದೆ ನಿಂತಿದ್ದೀನಿ. ನನಗೆ ಒಂದು ಸಾಲೂ ಇಲ್ವಾ?”

ಸೊಸೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಚಿನಕುರುಳಿ ಅಜ್ಜಿಯ ಬಾಯಿ ನೋಡಿದಳು. ಆಡಿದ ಮೇಲೆಯೇ ಅತ್ತೆಗೆ ತಾನು ಏನು ಆಡಿದೆ ಎಂದು ಗೊತ್ತಾದದ್ದು.

“ಓದಿದ್ರಾ,” ಎಂದಳು ಸೊಸೆ. ಕೇಳುವಂತೆಯೂ ಇರಲಿಲ್ಲ, ಬೈಯುವಂತೆಯೂ ಇರಲಿಲ್ಲ.

“ಏನಿತ್ತು?” ಎಂದು ಇಷ್ಟು ದಿನದ ಮೇಲೆ ಗಂಡ ಬಾಯಿ ಬಿಟ್ಟ.

“ಏನೂ ಇಲ್ಲ ಕಣೋ. ಬಸ್ಸು, ಮೋಡ, ಚಪ್ಪಲಿ. ನೀನೂ ಇಲ್ಲ, ನಾನೂ ಇಲ್ಲ.”

ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪಾತ್ರೆ ತೊಳೆದಳು, ಮೇಜು ಒರೆಸಿದಳು. ಕಿಟಕಿಯ ಬಳಿ ಹೋಗಲಿಲ್ಲ. ಬುಟ್ಟಿಯಿಂದ ತನ್ನ ಫೋನು ತೆಗೆದುಕೊಂಡು, ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ತಳ್ಳುತ್ತ ಕಂಡವರ ಮನೆ ಮದುವೆ ನೋಡತೊಡಗಿದಳು. ಅತ್ತೆಯೂ ತಮ್ಮ ಫೋನು ತೆಗೆದು, ಬಾಣ ಒತ್ತಿ, ಬಚ್ಚಲಿಗೆ ಹೋದರು.

ಮರುದಿನ ರಜೆ. ಎಲ್ಲರೂ ಮನೆಯಲ್ಲಿದ್ದರು. ಅತ್ತೆ ಬಟ್ಟೆ ಮಡಚುತ್ತಿದ್ದಾಗ ತಂಗಿಯ ಕರೆ ಬಂತು. ಕೈ ಬಿಡುವಿಲ್ಲದ್ದರಿಂದ ಚಿನಕುರುಳಿ ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟಳು.

“ಅಕ್ಕಾ, ಬೇಜಾರು ಮಾಡ್ಕೋಬೇಡ,” ಎಂದಿತು ತಂಗಿಯ ದನಿ. “ಈ ಕಾಲದ ಸೊಸೆಯಂದಿರೇ ಹಾಗೆ. ಹದಿನಾರು ವರ್ಷ ಒಲೆ ಮುಂದೆ ನಿಂತರೂ ಒಂದು ಸಾಲು ಬರೀಲಿಲ್ಲ ಅಂದ್ರೆ! ನನಗಂತೂ ಕೇಳಿ ಕಣ್ಣಲ್ಲಿ ನೀರು ಬಂತು.”

 ಗಂಡ ಬಾಲ್ಕನಿಯಿಂದ ಒಳಗೆ ಬಂದ. ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಹುಟ್ಟಿದ್ದೇ ನಿನ್ನೆ, ಈ ಮೇಜಿನ ಮೇಲೆ.

“ಯಾರೇ ಹೇಳಿದ್ದು ನಿನಗೆ?” ಎಂದರು ಅತ್ತೆ. 

“ಯಾರು ಅಂದ್ರೆ? ನೀನೇ ಕಳಿಸ್ತೀಯಲ್ಲ. ಮೊದಲನೇ ಸಲ ತಪ್ಪಿ ಬಂತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಎರಡು ದಿನಕ್ಕೊಂದು ಬರ್ತಾನೇ ಇದೆ. ಬಾಯಿಬಿಟ್ಟು ಹೇಳೋಕೆ ಸಂಕೋಚ, ಪಾಪ, ಅದಕ್ಕೆ ಅಕ್ಕ ಹೀಗೆ ಕಳಿಸ್ತಿದ್ದಾಳೆ ಅಂದ್ಕೊಂಡೆ. ನಾನು ಈಗ ಧಾರಾವಾಹಿ ನೋಡೋದೇ ಬಿಟ್ಟಿದ್ದೀನಿ, ಗೊತ್ತಾ? ಮಧ್ಯದಲ್ಲಿ ಒಂದು ವಾರ ಬರೀ ಚಮಚದ ಸದ್ದು. ಭಾಳ ಬೇಜಾರಾಯ್ತು.”

ಚಿನಕುರುಳಿ ಆಗಲೇ ಫೋನು ಎತ್ತಿಕೊಂಡು ನೋಡುತ್ತಿದ್ದಳು. ಸಾಲುಸಾಲಾಗಿ ಉದ್ದುದ್ದ ಧ್ವನಿ ಸಂದೇಶಗಳು. ಒಂದನ್ನು ಒತ್ತಿದಳು. ಮೊದಲು ಅಜ್ಜಿಯ ಬಡಾಯಿ, ನಡುವೆ ಸೊಸೆಯ “ಬುಟ್ಟಿ!”, ಬಟ್ಟೆ ಮುಚ್ಚಿದ ಸರಸರ, ಅದರಾಚೆ ಇಡೀ ಊಟ. ಅಪ್ಪನ ದನಿ ಎಷ್ಟು ಸಂತೋಷದಿಂದ ಅಂಗಡಿಯ ಮಾತಾಡುತ್ತಿತ್ತು! ಸಕ್ಕರೆ ತರಲು ಎದ್ದ ಅಜ್ಜಿಯ ಕುರ್ಚಿಯ ಸದ್ದೂ ಇತ್ತು.

“ಅಜ್ಜಿ, ಬೀಗ ತೆಗೀದೇ ಬುಟ್ಟಿಗೆ ಹಾಕ್ತಿದ್ಯಾ?”

“ಊಟ ಆದ ಮೇಲೆ ನೋಡಿದ್ರೆ ಅದು ಕೆಂಪಗೆ ಓಡ್ತಾ ಇರ್ತಿತ್ತು. ಮುಗೀತು ಅಂತ ಬಾಣ ಒತ್ತಿದೆ. ನೀನೇ ಅಲ್ವೇ ಹೇಳಿಕೊಟ್ಟಿದ್ದು!”

“ಚಿಕ್ಕಮ್ಮಾ,” ಎಂದ ಮಗ ಫೋನಿನತ್ತ ಬಗ್ಗಿ, ಹಲ್ಲು ಕಚ್ಚಿಕೊಂಡು. “ನನ್ನ ಅಂಗಡಿ ವಿಷಯ ಯಾರಿಗಾದ್ರೂ ಹೇಳಿದ್ರಾ?”

“ಯಾರಿಗೂ ಇಲ್ಲಪ್ಪ. ಎದುರುಮನೆಯವಳಿಗೆ ಒಬ್ಬಳಿಗೆ. ಅವಳ ಗಂಡ ನಿಮ್ಮ ಕಂಪನಿಯಲ್ಲೇ ಗುಮಾಸ್ತ ಅಲ್ವಾ, ಖುಷಿ ಪಡ್ತಾನೆ ಅಂತ ಹೇಳ್ದೆ.”

ಅವನು ಕರೆ ಕತ್ತರಿಸಿದ. ಗೋಡೆಗೆ ಕಿವಿಯಿದೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇಲ್ಲಿ ಗೋಡೆಯನ್ನೇ ಕೈಯಾರೆ ಎತ್ತಿ ಊಟದ ನಡುವೆ ಇಟ್ಟು, ಮೇಲೆ ಬಟ್ಟೆ ಹೊದಿಸಿ ಕೂರಿಸಿದ್ದರು.

ಗಂಡ ಹೆಂಡತಿಯ ಎದುರು ನಿಂತ. “ತಪ್ಪಾಯ್ತು ಕಣೇ. ನಿನ್ನ ಮೇಲೆ ಅನುಮಾನ ಪಟ್ಟೆ. ಬಹಳ ತಪ್ಪಾಯ್ತು.”

“ಆಯ್ತು ರೀ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ.

ಅತ್ತೆ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದರು. ಅವಮಾನ, ಸಿಟ್ಟು, ನಾಚಿಕೆ ಎಲ್ಲ ಒಟ್ಟಿಗೆ ನುಗ್ಗಿ, ಅಳುವೇ ಬಂತು. “ಇಡೀ ಮನೆಯನ್ನ ನಾನೇ ಬೀದಿಗೆ ಹಾಕಿದೆ. ನಿನ್ನನ್ನ ಕಳ್ಳಿ ಮಾಡಿದೆ. ಬೈಯಮ್ಮಾ, ಬೈದುಬಿಡು.”

“ಬೈದು ಏನು ಮಾಡ್ಲಿ ಅತ್ತೆ?”

“ಹಾಗಾದ್ರೆ ಬರಿ. ನಿನ್ನೆ ನೀನು ಪುಸ್ತಕ ಮುಟ್ಟಲಿಲ್ಲ. ನನಗೆ ರಾತ್ರಿಯೆಲ್ಲ ಕಸಿವಿಸಿ.” ಮೂಗು ಒರೆಸಿಕೊಂಡು, ಆ ಹೊತ್ತಿನಲ್ಲೂ ಬಿಡದೆ ಕೇಳಿದರು. “ಒಂದೇ ಒಂದು ಹೇಳು. ಅಷ್ಟು ಬರೆದಿದ್ದೀಯ. ನಮ್ಮ ಬಗ್ಗೆ ಯಾಕೆ ಒಂದು ಸಾಲೂ ಇಲ್ಲ? ಹೇಳೋ ಅಂಥದ್ದು ಏನೂ ಇರ್ಲಿಲ್ವಾ?”

ಸೊಸೆ ಒದ್ದೆ ಕೈಯನ್ನು ಒರೆಸಿಕೊಂಡಳು.

“ಬೇಕಾದಷ್ಟಿತ್ತು ಅತ್ತೆ. ಪುಸ್ತಕ ತಂದ ದಿನಾನೇ ನನಗೆ ಗೊತ್ತಿತ್ತು, ಒಂದಲ್ಲ ಒಂದು ದಿನ ನೀವು ಇದನ್ನ ಓದ್ತೀರಿ ಅಂತ. ಅದಕ್ಕೇ ನೀವು ಓದಬಹುದಾದ್ದನ್ನ ಮಾತ್ರ ಬರೆದೆ.”

 ಇಷ್ಟು ದಿನ ಅನುಮಾನ ಪಟ್ಟವರು ತಾವೊಬ್ಬರೇ ಎಂದು ಅತ್ತೆ ಅಂದುಕೊಂಡಿದ್ದರು. ಅತ್ತ ಕಡೆಯಿಂದಲೂ ತಮ್ಮನ್ನು ಯಾರೋ ತಿರುವಿ ಹಾಕಿ, ಉಗುರಿನಿಂದ ಎಳೆದು ನೋಡಿ, ಪಾಸಿಲ್ಲ ಎಂದು ಬದಿಗಿಟ್ಟಿದ್ದರು.

“ಮನೆ ವಿಷಯ ಎಲ್ಲಿ ಬರೀಲಿ ಹೇಳಿ?” ಎಂದು ಸೊಸೆ ಒಳಗೆ ಹೋದಳು.

ಮುಂದಿನ ದಿನಗಳಲ್ಲಿ ಬುಟ್ಟಿಯ ಕಾನೂನು ಹಾಗೆಯೇ ಉಳಿಯಿತು. ಒಂದು ತಿದ್ದುಪಡಿ ಮಾತ್ರ ಬಂತು. ಊಟಕ್ಕೆ ಮುಂಚೆ ಚಿನಕುರುಳಿ ಎಲ್ಲರ ಫೋನನ್ನೂ ಪೂರ್ತಿ ಆರಿಸಿ ಹಾಕುವಳು, ಅಪ್ಪನದೊಂದನ್ನು ಬಿಟ್ಟು. ತಂಗಿಗೆ ಅತ್ತೆ ಫೋನು ಮಾಡಿ, ಎರಡೇ ಮಾತು ಆಡಿದರು. ಅವು ಇಲ್ಲಿ ಬರೆಯುವಂಥವಲ್ಲ. ಮಗ ಗೋದಾಮಿಗೆ ಹೋಗಿಬರುತ್ತಿದ್ದ. ಜೊತೆಗಾರನ ಮನೆಗೆ ಎರಡು ಸಲ ಹೋಗಿ, ನಡೆದದ್ದು ಹೇಳಿದ. ಅವನು ನಕ್ಕನಂತೆ, ಆದರೆ ಬರುತ್ತೇನೆ ಎನ್ನಲಿಲ್ಲ. ಸೊಸೆ ಕಿಟಕಿಯ ಬಳಿ ಕೂರಲಿಲ್ಲ. ನೀಲಿ ಪುಸ್ತಕ ಮಂಚದ ಕೆಳಗೆ ಜಿಪ್ಪು ಕಿತ್ತ ಚೀಲದಲ್ಲೇ ಬಿದ್ದಿತ್ತು. ಮತ್ತೆ ಅವಳ ಕಣ್ಣು ಸಂಜೆಗೆ ಕೆಂಪಾಗತೊಡಗಿತು.

ಒಂದು ದಿನ ಅತ್ತೆ ಮಗನನ್ನು ಅಡುಗೆಮನೆಗೆ ಕರೆದು ಏನೋ ಪಿಸುಗುಟ್ಟಿದರು. ಅವನು ಸಂಜೆ ಒಂದು ಬೀಗ ತಂದ. ಲಿಫ್ಟಿನ ತಂತಿಗಳಿರುವ ಪೆಟ್ಟಿಗೆಗೆ ಹಾಕುವ ಗಟ್ಟಿ ಬೀಗ. ಕಿಟಕಿಯ ಪಕ್ಕದ ಮೇಜಿನ ಡ್ರಾಯರಿಗೆ ಅದನ್ನು ಕೂರಿಸಿದ. ಮರದ ಪುಡಿ ನೆಲದ ಮೇಲೆ ಬಿದ್ದದ್ದನ್ನು ಅತ್ತೆಯೇ ಗುಡಿಸಿದರು.

“ತಗೋ,” ಎಂದು ಅವನು ಹೆಂಡತಿಯ ಅಂಗೈಗೆ ಬೀಗದ ಕೈ ಹಾಕಿದ.

“ಇಂಥ ಬೀಗಕ್ಕೆ ಎರಡು ಕೈ ಬರುತ್ತಲ್ಲ,” ಎಂದಳು ಅವಳು.

ಅವನು ಪೆಚ್ಚಾಗಿ ಜೇಬಿಗೆ ಕೈ ಹಾಕಿ ಎರಡನೆಯದ್ದನ್ನೂ ತೆಗೆದುಕೊಟ್ಟ. “ಕಳೆದುಹೋದ್ರೆ ಇರ್ಲಿ ಅಂತ…”

“ಕೊಡೋ, ಪೂರ್ತಿ ಕೊಡು,” ಎಂದು ಗದರಿದರು ಅತ್ತೆ. ಆಮೇಲೆ ತಾವೇ ಮುಂದೆ ಬಂದರು. “ಪುಸ್ತಕ ಒಳಗಿಡು. ಬೀಗ ಹಾಕು. ಹಾಕಿದ್ಯಾ?”

ಡ್ರಾಯರಿನ ಹಿಡಿಯನ್ನು ಎರಡೂ ಕೈಯಿಂದ ಎಳೆದರು. ಅಲುಗಲಿಲ್ಲ. ಸಂದಿಗೆ ಉಗುರು ತೂರಿಸಿ ನೋಡಿದರು. ಬಗ್ಗಿ ಮೇಜಿನ ಅಡಿಯಿಂದ ಹಲಗೆಯನ್ನು ತಟ್ಟಿದರು. ಚಮಚದ ಹಿಡಿ ತಂದು ಮೀಟಿದರು. ಬೆವರು ಒರೆಸಿಕೊಂಡು ನೆಟ್ಟಗೆ ನಿಂತರು.

“ನಾನು ಚೆಕ್ ಮಾಡಿದ್ದೀನಿ. ನನ್ನ ಕೈಲಿ ಆಗಲ್ಲ. ನನ್ನ ಕೈಲಿ ಆಗದ್ದು ಈ ಮನೇಲಿ ಇನ್ಯಾರ ಕೈಲೂ ಆಗಲ್ಲ. ಬರಿ ಇನ್ನು.”

ಚಿನಕುರುಳಿ ಕಿಸಕ್ಕನೆ ನಕ್ಕಳು. ಸೊಸೆಗೂ ನಗು ಬಂತು, ತಡೆದುಕೊಂಡಳು.

ಊಟವಾಯಿತು. ಮೇಜು ಒರೆಸಿಯಾಯಿತು. ಅವಳು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಡ್ರಾಯರು ತೆಗೆದು ಪುಸ್ತಕ ಬಿಚ್ಚಿದಳು. ಅತ್ತೆ ನಾಳೆಗೆಂದು ಬಟಾಣಿ ಸುಲಿಯುತ್ತ ಎದುರಿಗೆ ಕೂತರು. ಅರ್ಧ ಪುಟವಾಯಿತು. ಪೆನ್ನು ನಿಲ್ಲಲಿಲ್ಲ. ಪುಟ ತಿರುಗಿತು, ಇನ್ನೊಂದು ತಿರುಗಿತು. ಒಂದು ಕಡೆ ಅವಳು ತುಟಿ ಕಚ್ಚಿ, ಕಾಗದ ಹರಿಯುವ ಹಾಗೆ ಒತ್ತಿ ಬರೆದಳು.

“ಏನಮ್ಮಾ, ಮತ್ತೆ ಚಪ್ಪಲೀನಾ?”

“ಅಲ್ಲ ಅತ್ತೆ.”

ಅತ್ತೆ ಮುಂದೆ ಕೇಳಲಿಲ್ಲ. ಬಟಾಣಿ ಸಿಪ್ಪೆಯನ್ನು ಒಂದೊಂದಾಗಿ ತಿರುವಿ ನೋಡುತ್ತ ಕೂತರು. ಜನ್ಮದಲ್ಲಿ ಮೊದಲ ಸಲ ಅವರಿಗೆ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ಪುಟಗಳಲ್ಲಿ ತಾವಿದ್ದರು.